ಗಂಟಿನ ಗುಟ್ಟು

ಗುಡ್ಡಾಪುರವು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ದಾನಮ್ಮದೇವಿಯ ಗುಡಿಯಿಂದಾಗಿ ಈ ಊರು ಪ್ರಸಿದ್ಧ. ಈ ಭಾಗದಲ್ಲಿ ಮಳೆ ಕಡಿಮೆ. ಬೆಳೆ ಕೈಕೊಟ್ಟ ವರ್ಷ ಹೈನವೇ ಮನೆಯನ್ನು ನಡೆಸುತ್ತದೆ. ಉದ್ದ ಕೊಂಬಿನ ಖಿಲಾರಿ ಎತ್ತುಗಳೆಂದರೆ ಇಲ್ಲಿಯ ರೈತರಿಗೆ ಪಂಚಪ್ರಾಣ.

ಇಂಥ ದನಗಳಿಗೆ 2022ರಲ್ಲಿ ದೊಡ್ಡ ಕಂಟಕ ಬಂದಿತು. ಆಗಸ್ಟ್ ತಿಂಗಳಲ್ಲಿ ಜಳಗಾಂವ ಜಿಲ್ಲೆಯಲ್ಲಿ ಕಾಣಿಸಿಕೊಂಡ ಚರ್ಮಗಂಟು ರೋಗವು ಮಹಾರಾಷ್ಟ್ರದ ತುಂಬ ಹಬ್ಬಿತು. ಜನರು ಇದನ್ನು 'ಲಂಪಿ' ಎನ್ನುತ್ತಾರೆ. ಮೊದಲು ಜ್ವರ ಬರುತ್ತದೆ. ಆಮೇಲೆ ಮೈಮೇಲೆ ಗಟ್ಟಿ ಗಂಟುಗಳು ಏಳುತ್ತವೆ. ದನವು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಕೆಲವು ಸಾಯುತ್ತವೆ, ಕರುಗಳಿಗೆ ಅಪಾಯ ಹೆಚ್ಚು.

ಈ ರೋಗವನ್ನು ತರುವುದು ಸಿಡುಬಿನ ಕುಲದ ಒಂದು ವಿಷಾಣು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹರಡುತ್ತವೆ. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗವು 2019ರಲ್ಲಿ ಒಡಿಶಾಕ್ಕೆ ಬಂದಿತು. ಈ ಕುಲ ಬಹಳ ದೊಡ್ಡದು. ಕುರಿ, ಮೇಕೆಗಳಿಗೂ ಅವುಗಳದೇ ಸಿಡುಬು ಉಂಟು. ಸಮುದ್ರದ ಡಾಲ್ಫಿನ್‌ಗೂ ಸಿಡುಬಿನ ವಿಷಾಣು ತಗಲಿದರೆ ಚರ್ಮದ ಮೇಲೆ ಹಚ್ಚೆ ಹೊಯ್ದಂಥ ಕಲೆ ಮೂಡುತ್ತದೆ!

ಆದರೆ ಗಂಟು ಕಂಡೊಡನೆ ಲಂಪಿ ಎನ್ನಬಹುದೇ? ಇಲ್ಲ. ಹುಳ ಕಚ್ಚಿದರೂ ಗಂಟು ಏಳುತ್ತದೆ. ಬೇರೊಂದು ವಿಷಾಣುವಿನಿಂದಲೂ ಇಂಥದೇ ಗಂಟು ಬರುತ್ತದೆ. ಲಂಪಿಯೇ ಆಗಿದ್ದರೆ ತಡಮಾಡಿದಷ್ಟು ಕೊಟ್ಟಿಗೆಯ ಉಳಿದ ದನಗಳಿಗೆ ಕೇಡು. ಆದ್ದರಿಂದ ಪರೀಕ್ಷೆ ಬೇಕು.

ಪಶುವೈದ್ಯರು ಗಂಟಿನ ಹೆಕ್ಕಳೆಯನ್ನೂ ಸ್ವಲ್ಪ ರಕ್ತವನ್ನೂ ತೆಗೆದು, ಬರ್ಫದ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಭೋಪಾಳದಲ್ಲಿ ಇದಕ್ಕಾಗಿ ದೊಡ್ಡ ರಾಷ್ಟ್ರೀಯ ಸಂಸ್ಥೆಯಿದೆ. ಅಲ್ಲಿ ಹುಡುಕುವುದು ವಿಷಾಣುವಿನ ಡಿಎನ್‌ಎಯನ್ನು. ಡಿಎನ್‌ಎ ಎಂದರೆ ಎರಡೆಳೆಯ ಹುರಿಯಂಥ ಸೂಕ್ಷ್ಮ ವಸ್ತು. ಅದು ಎಷ್ಟು ಕಡಿಮೆ ಇರುತ್ತದೆಂದರೆ, ಹಾಗೆಯೇ ಗುರುತಿಸಲಾಗದು. ಅದಕ್ಕಾಗಿ ಅದನ್ನು ಹೆಚ್ಚಿಸುತ್ತಾರೆ. ಸುಮಾರು 95 ಅಂಶ ಕಾಯಿಸಿದರೆ ಎರಡೆಳೆಗಳು ಬಿಚ್ಚಿಕೊಳ್ಳುತ್ತವೆ. ತಣಿಸಿದಾಗ, ಮೊದಲೇ ಹಾಕಿಟ್ಟ ಚಿಕ್ಕ ತುಣುಕುಗಳು ಎಳೆಗಳಿಗೆ ಅಂಟುತ್ತವೆ. ಬೀಗಕ್ಕೆ ಕೀಲಿಯಂತೆ, ಇವು ಬೇಕಾದ ವಿಷಾಣುವಿನ ಎಳೆಗೆ ಮಾತ್ರ ಹೊಂದುತ್ತವೆ. ಅಲ್ಲಿಂದ ಹೊಸ ಎಳೆ ಬೆಳೆಯುತ್ತದೆ. ಒಂದು ಎರಡಾಯಿತು! ಮತ್ತೆ ಕಾಯಿಸಿದರೆ ನಾಲ್ಕು, ಆಮೇಲೆ ಎಂಟು. 30 ಸಲ ಮಾಡಿದರೆ ಒಂದು ತುಂಡು 100 ಕೋಟಿಯನ್ನೂ ಮೀರುತ್ತದೆ. ವಿಷಾಣು ಇಲ್ಲದಿದ್ದರೆ ಏನೂ ಹೆಚ್ಚುವುದಿಲ್ಲ.

ಇದೇ ಪಿಸಿಆರ್ ಪರೀಕ್ಷೆ. ಇದನ್ನು 1983ರಲ್ಲಿ ಕಂಡುಹಿಡಿದ ಅಮೇರಿಕದ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಇದೇ ಬಗೆಯ ಪರೀಕ್ಷೆ.

ಲಂಪಿ ಎಂದು ತಿಳಿದರೆ ರೋಗಿ ದನವನ್ನು ಬೇರೆ ಕಟ್ಟಬೇಕು. ಸುತ್ತಲಿನ ಊರುಗಳ ಆರೋಗ್ಯವಂತ ದನಗಳಿಗೆ ಲಸಿಕೆ ಹಾಕಿಸಬೇಕು. 2022ರಲ್ಲಿ ಹಾಕಿದ್ದು ಮೇಕೆಸಿಡುಬಿನ ಲಸಿಕೆ. ಎರಡೂ ವಿಷಾಣುಗಳು ಹತ್ತಿರದ ಬಳಗವಾದ್ದರಿಂದ ಅದು ಕೆಲಸಕ್ಕೆ ಬಂದಿತು. ಆಗ ದನದ ಸಂತೆಗಳನ್ನೂ ಮುಚ್ಚಲಾಗಿತ್ತು. ಹಾಲು ಕುಡಿಯಲು ಕೆಲವರು ಸುಮ್ಮನೆ ಹೆದರಿದರು. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಕಾಯಿಸಿ ಕುಡಿದರಾಯಿತು.

ಅಭ್ಯಾಸ
1. ಗಂಟು ನೋಡಿದ ಮಾತ್ರಕ್ಕೆ ಲಂಪಿ ಎಂದು ಹೇಳಲು ಏಕೆ ಆಗದು?
2. ಒಂದರಿಂದ ಆರಂಭಿಸಿ ಹತ್ತು ಸಲ ಇಮ್ಮಡಿಸಿರಿ. ಎಷ್ಟಾಯಿತು?
3. ನಿಮ್ಮೂರಿನಲ್ಲಿ ದನಗಳಿಗೆ ಯಾವ ಯಾವ ಲಸಿಕೆ ಹಾಕುತ್ತಾರೆ? ಪಶುವೈದ್ಯರನ್ನು ಕೇಳಿ ಬರೆಯಿರಿ.