ಫೈಲ್ ಕಳಿಸಲು ಸ್ವಂತ ಸರ್ವರ್: ವಿಂಡೋಸ್‌ನಲ್ಲಿ ಇರುವುದೇ ಸಾಕೇ?

ಮದುವೆ ಸೀಸನ್ ಬಂತೆಂದರೆ ನಿಟ್ಟೂರಿನಂಥ ಊರಿನ ಫೋಟೊ ಸ್ಟುಡಿಯೊಗಳಿಗೆ ಫೈಲ್ ಸಾಗಿಸುವುದೇ ದೊಡ್ಡ ತಲೆನೋವು. ಫೋಟೊ, ವಿಡಿಯೊ ಎಲ್ಲ ಸೇರಿ ಒಂದೇ ಮದುವೆಯದ್ದು 50 ಜಿಬಿ ದಾಟಬಹುದು. ಆಲ್ಬಂ ಡಿಸೈನ್ ಮಾಡುವವರು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಯಾವ ಮೂಲೆಗೂ ಸಾಲದು. ಹಾರ್ಡ್‌ಡಿಸ್ಕ್ ಹಿಡಿದು ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೆ ಕಾಯುವ ಬದಲು ಅಂಗಡಿಯ ಕಂಪ್ಯೂಟರನ್ನೇ ಎಫ್‌ಟಿಪಿ (ನೆಟ್ ಮೂಲಕ ಫೈಲ್ ಸಾಗಿಸುವ ವಿಧಾನ) ಸರ್ವರ್ ಮಾಡಿಕೊಳ್ಳಬಹುದು. ಇದಕ್ಕೆ ವಿಂಡೋಸ್ ಜೊತೆಗೇ ಬರುವ ಐಐಎಸ್ ಎಂಬ ಸರ್ವರ್ ತಂತ್ರಾಂಶದಲ್ಲಿ ಒಂದು ಸೌಲಭ್ಯ ಇದ್ದೇ ಇದೆ. ಆದರೂ ಹೊರಗಿನವರಿಗೆ ಫೈಲ್ ಕೊಡುವುದಿದ್ದರೆ ಪ್ರತ್ಯೇಕ ತಂತ್ರಾಂಶವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನೆಟ್ ಪರೀಕ್ಷಿಸಿ

ನೋಡಬೇಕಾದ್ದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ವೇಗ. 20 ಎಂಬಿಪಿಎಸ್ ಇದ್ದರೆ 50 ಜಿಬಿ ಹೋಗಲು ಸುಮಾರು ಐದೂವರೆ ಗಂಟೆ ಬೇಕು. ರಾತ್ರಿ ಹಚ್ಚಿಟ್ಟು ಹೋದರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸುವ ಅನುಕೂಲ ಎಫ್‌ಟಿಪಿಯಲ್ಲಿದೆ. ಲೋಡ್‌ಶೆಡ್ಡಿಂಗ್ ಊರುಗಳಿಗೆ ಇದು ದೊಡ್ಡ ವರ.

ಬಳಿಕ ರೂಟರ್ ಪುಟ ತೆರೆದು ಅಲ್ಲಿ ತೋರಿಸುವ ವ್ಯಾನ್ ಐಪಿ ವಿಳಾಸ ಬರೆದುಕೊಳ್ಳಿ. ನಿಮ್ಮ ಐಪಿ ಯಾವುದೆಂದು ಹೇಳುವ ಯಾವುದಾದರೂ ಜಾಲತಾಣದಲ್ಲಿ ಬರುವ ಸಂಖ್ಯೆಯೊಂದಿಗೆ ತಾಳೆ ನೋಡಿ. ಎರಡೂ ಬೇರೆಯಾಗಿದ್ದರೆ, ಅದರಲ್ಲೂ ರೂಟರ್‌ನ ಸಂಖ್ಯೆ 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಲಾಗಿದೆ ಎಂದರ್ಥ. ಹೊರಗಿನಿಂದ ಯಾರೂ ನಿಮ್ಮ ಕಂಪ್ಯೂಟರ್ ತಲುಪಲಾರರು. ಕೇಬಲ್ ಎಳೆದುಕೊಟ್ಟವರನ್ನು ಸ್ಟ್ಯಾಟಿಕ್ ಐಪಿ ಕೇಳಿ. ಅದು ಸಿಗದಿದ್ದರೆ ಸರ್ವರ್ ಯೋಚನೆ ಬಿಟ್ಟು, ದುಡ್ಡು ಕೊಟ್ಟು ಕ್ಲೌಡ್ ಜಾಗ ಕೊಳ್ಳುವುದೇ ಸರಿ.

ಐಐಎಸ್ ಯಾಕೆ ಬೇಡ?

ಐಐಎಸ್‌ನ ಎಫ್‌ಟಿಪಿ ಸಾಮಾನ್ಯವಾಗಿ ವಿಂಡೋಸ್ ಬಳಕೆದಾರರ ಖಾತೆಗಳನ್ನೇ ಬಳಸುತ್ತದೆ. ಹತ್ತು ಡಿಸೈನರ್‌ಗಳಿಗೆ ಫೈಲ್ ಕೊಡಬೇಕಾದರೆ ಬಿಲ್ಲು, ಲೆಕ್ಕ ಇರುವ ಅದೇ ಕಂಪ್ಯೂಟರಿನಲ್ಲಿ ಹತ್ತು ಖಾತೆ ತೆರೆಯಬೇಕು. ಒಬ್ಬರ ಫೈಲ್ ಇನ್ನೊಬ್ಬರಿಗೆ ಕಾಣದಂತೆ ಮಾಡುವುದಂತೂ ಪಜೀತಿ. ಲೋಕಲ್‌ಯೂಸರ್ ಎಂಬ ಫೋಲ್ಡರ್ ಮಾಡಿ, ಅದರೊಳಗೆ ಬಳಕೆದಾರನ ಹೆಸರಿನದೇ ಇನ್ನೊಂದು ಫೋಲ್ಡರ್ ಇಡಬೇಕು. ಒಂದು ಅಕ್ಷರ ತಪ್ಪಿದರೂ 530 ಎಂಬ ದೋಷಸಂಖ್ಯೆ ತೋರಿಸಿ ಬಾಗಿಲು ಮುಚ್ಚುತ್ತದೆ. ಕಂಪ್ಯೂಟರ್ ಬಲ್ಲವರಿಗೆ ಇದು ಕಷ್ಟವಲ್ಲ, ಅಂಗಡಿ ನಡೆಸುವವರಿಗೆ ಕಷ್ಟ.

ಉಚಿತವಾಗಿ ಸಿಗುವ ಫೈಲ್‌ಜಿಲ್ಲಾ ಸರ್ವರ್‌ನಲ್ಲಿ ಬಳಕೆದಾರರ ಪಟ್ಟಿಯೇ ಬೇರೆ. ಅಲ್ಲಿನ ಪಾಸ್‌ವರ್ಡ್ ಸೋರಿದರೂ ಅದರಿಂದ ವಿಂಡೋಸ್‌ಗೆ ಲಾಗಿನ್ ಆಗಲು ಬರುವುದಿಲ್ಲ. ನನ್ನ ಮಟ್ಟಿಗೆ ಈ ಒಂದೇ ಕಾರಣ ಸಾಕು. ಲಿನಕ್ಸ್ ಬಳಸುವವರ ಮಾತು ಬೇರೆ. ಅಲ್ಲಿ ಓಪನ್‌ಎಸ್‌ಎಸ್‌ಎಚ್ ಜೊತೆಗೇ ಬರುವ ಎಸ್‌ಎಫ್‌ಟಿಪಿ ಚೆನ್ನಾಗಿಯೇ ಇದೆ.

ಅಳವಡಿಸುವ ಕ್ರಮ

ಫೈಲ್‌ಜಿಲ್ಲಾ ಪ್ರಾಜೆಕ್ಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಕ್ಲೈಂಟ್ ಮತ್ತು ಸರ್ವರ್ ಎಂದು ಎರಡಿವೆ; ನಿಮಗೆ ಬೇಕಾದ್ದು ಸರ್ವರ್, ನಿಮ್ಮ ಡಿಸೈನರ್‌ಗೆ ಕ್ಲೈಂಟ್. ಅಳವಡಿಸುವಾಗ ಕೇಳುವ ಅಡ್ಮಿನ್ ಪಾಸ್‌ವರ್ಡ್ ಖಾಲಿ ಬಿಡಬೇಡಿ.

ಡಿ ಡ್ರೈವ್‌ನಲ್ಲಿ ಈ ಕೆಲಸಕ್ಕೆಂದೇ ಒಂದು ಫೋಲ್ಡರ್ ಮಾಡಿ, ಒಳಗೆ ಒಬ್ಬೊಬ್ಬರಿಗೆ ಒಂದೊಂದು. ಕಾನ್ಫಿಗರ್ ವಿಭಾಗದ ಯೂಸರ್ಸ್‌ನಲ್ಲಿ ಹೆಸರು ಸೇರಿಸಿ, ಪಾಸ್‌ವರ್ಡ್ ಕೊಟ್ಟು, ಮೌಂಟ್ ಪಾಯಿಂಟ್ಸ್ ಇರುವಲ್ಲಿ ಆ ವ್ಯಕ್ತಿಯ ಫೋಲ್ಡರನ್ನು ಮಾತ್ರ ತೋರಿಸಿ. ಫೈಲ್ ಪಡೆಯುವವರಿಗಷ್ಟೇ ಆದರೆ ರೀಡ್ ಓನ್ಲಿ ಸಾಕು. ಸಿ ಡ್ರೈವನ್ನು ಯಾರಿಗೂ ಕೊಡಬೇಡಿ.

ಗೂಢಲಿಪಿಯ ವಿಷಯದಲ್ಲಿ ರಾಜಿ ಬೇಡ. ಎಫ್‌ಟಿಪಿಯ ಮೊದಲ ನಿಯಮಾವಳಿಯನ್ನು 1971ರಲ್ಲಿ ಬರೆದವರು ಕಾನ್ಪುರ ಐಐಟಿಯಲ್ಲಿ ಓದಿದ ಅಭಯ್ ಭೂಷಣ್. ಬೆರಳೆಣಿಕೆಯಷ್ಟು ಕಂಪ್ಯೂಟರುಗಳ ಆ ಕಾಲದಲ್ಲಿ ಕಳ್ಳರ ಭಯವಿರಲಿಲ್ಲ. ಹಾಗಾಗಿ ಬರಿಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಇಂದಿಗೂ ಬಯಲಾಗಿಯೇ ಹೋಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು. ಆದ್ದರಿಂದ ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ಟಿಎಲ್‌ಎಸ್ ಕಡ್ಡಾಯ ಎಂಬ ಆಯ್ಕೆಯನ್ನೇ ಇಡಿ. ಮೊದಲ ಸಲ ಸಂಪರ್ಕಿಸುವವರಿಗೆ ಪ್ರಮಾಣಪತ್ರ ನಂಬಬೇಕೇ ಎಂಬ ಪ್ರಶ್ನೆ ಬರುತ್ತದೆ. ಅದರ ಫಿಂಗರ್‌ಪ್ರಿಂಟ್ ಸಂಖ್ಯೆಯನ್ನು ಫೋನಿನಲ್ಲಿ ಓದಿಹೇಳಿ ಖಾತ್ರಿಪಡಿಸಿ.

ಹೆಚ್ಚಿನವರು ಎಡವುವುದು ಪೋರ್ಟ್‌ನಲ್ಲಿ. ಲಾಗಿನ್‌ಗೆ 21 ಸಾಕು, ಫೈಲ್‌ಗಳು ಹಾಯುವ ದಾರಿ ಬೇರೆ. ಪ್ಯಾಸಿವ್ ಮೋಡ್‌ನಲ್ಲಿ 50000ದಿಂದ 50050ರಂತೆ ಸಣ್ಣ ಸಾಲು ಗೊತ್ತುಮಾಡಿ, ಅದನ್ನೂ 21ನ್ನೂ ವಿಂಡೋಸ್ ಫೈರ್‌ವಾಲ್ ಮತ್ತು ರೂಟರ್ ಎರಡರಲ್ಲೂ ತೆರೆಯಿರಿ. ಲಾಗಿನ್ ಆಗಿಯೂ ಫೈಲ್ ಪಟ್ಟಿ ಬರುತ್ತಿಲ್ಲವೆಂದರೆ ಮೊದಲು ನೋಡಬೇಕಾದ್ದು ಇಲ್ಲಿಯೇ.

ಅಪ್‌ಡೇಟ್ ಮರೆಯಬೇಡಿ. 2023ರಲ್ಲಿ ಮೂವ್‌ಇಟ್ ಎಂಬ ದುಬಾರಿ ಫೈಲ್ ವರ್ಗಾವಣೆ ತಂತ್ರಾಂಶದ ಒಂದೇ ದೋಷ ಹಿಡಿದು ದುಷ್ಕರ್ಮಿಗಳು ಜಗತ್ತಿನಾದ್ಯಂತ ಸಾವಿರಾರು ಸಂಸ್ಥೆಗಳ ಮಾಹಿತಿ ಕದ್ದರು. ಆಲ್ಬಂ ಕೈಸೇರಿದ ಮೇಲೆ ಆ ಖಾತೆಯನ್ನು ಅಳಿಸಿ. ಸರ್ವರ್‌ನಲ್ಲಿರುವುದು ಪ್ರತಿ ಮಾತ್ರ. ಮೂಲ ಫೈಲ್‌ಗಳು ಬೇರೆ ಡಿಸ್ಕ್‌ನಲ್ಲಿರಲಿ.

ವಿಳಾಸವನ್ನು ಯಾರಿಗಾದರೂ ಕೊಡುವ ಮುನ್ನ ಬೇರೊಂದು ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ನೀವೇ ಒಮ್ಮೆ ಲಾಗಿನ್ ಆಗಿ ನೋಡಿ. ಅಂಗಡಿಯ ವೈಫೈನಲ್ಲೇ ಕೂತು ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ.