ಚಿಕ್ಕ ಸಂಖ್ಯೆಗೆ ಮರುಳಾಗಬೇಡ

ಮಗಳೇ,

ಎಂ.ಟೆಕ್. ಮುಗಿಸಿ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸಕ್ಕೆ ಸೇರುತ್ತಿದ್ದೀಯ. ಅದೇ ಕೆಲಸದಲ್ಲಿ ತಲೆಗೂದಲು ನರೆತ ನಿನ್ನ ದೊಡ್ಡಪ್ಪ ಒಂದು ಮಾತು ಹೇಳಬೇಕು. ಅದಕ್ಕೆ ನಿನ್ನ ಪ್ರಶ್ನೆಯೇ ದಾರಿ ಮಾಡಿಕೊಟ್ಟಿದೆ. ಆಪಲ್ ಫೋನಿನ ಚಿಪ್ 2023ರಲ್ಲೇ 3 ನ್ಯಾನೊಮೀಟರ್ ಪ್ರೊಸೆಸ್‌ಗೆ ಬಂತು. 2025ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಎನ್ವಿಡಿಯಾದ ಗ್ರಾಫಿಕ್ಸ್ ಚಿಪ್ ಆರ್‌ಟಿಎಕ್ಸ್ 5090 ಮಾತ್ರ ತನ್ನ ಹಿಂದಿನ ಪೀಳಿಗೆಯ ಹಾಗೆಯೇ 5 ನ್ಯಾನೊಮೀಟರ್ ಕುಟುಂಬದ ಪ್ರೊಸೆಸ್‌ನಲ್ಲೇ ತಯಾರಾಯಿತು. ಅವರಿಗೆ ದುಡ್ಡಿನ ಕೊರತೆಯಿಲ್ಲ, ಬುದ್ಧಿಯ ಕೊರತೆಯಿಲ್ಲ, ಮತ್ತೇಕೆ ಹೀಗೆ ಎಂದು ಕೇಳಿದೆ. ಬುದ್ಧಿ ಇರುವುದರಿಂದಲೇ ಹೀಗೆ, ಮಗಳೇ. ಒಂದು ಪ್ರೊಸೆಸ್ ಎಷ್ಟು ಹೊಸದು ಎಂದು ಕೇಳುವ ಮೊದಲು, ನಾವು ಮಾಡಹೊರಟ ಚಿಪ್‌ಗೆ ಅದು ಪಳಗಿದೆಯೇ ಎಂದು ಕೇಳಬೇಕು. ನಾನು ಹೇಳಬೇಕಾದ ಮಾತು ಇಷ್ಟೇ. ಯಾಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕ. ಚಿಪ್‌ಗಳು ತಯಾರಾಗುವುದು 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ವೇಫರ್ ಮೇಲೆ. ಚಿಪ್ ತಯಾರಿಸುವ ಕಾರ್ಖಾನೆ, ಅಂದರೆ ಫ್ಯಾಬ್, ಎಷ್ಟೇ ಸ್ವಚ್ಛವಾಗಿರಲಿ, ವೇಫರ್‌ನಲ್ಲಿ ಅಲ್ಲಲ್ಲಿ ದೋಷ ಉಳಿದೇ ಉಳಿಯುತ್ತದೆ. ಒಂದೊಂದು ಚಿಪ್ ಆಗುವ ವೇಫರ್‌ನ ತುಂಡು, ಅಂದರೆ ಡೈ, ದೊಡ್ಡದಾದಷ್ಟೂ ಅದರೊಳಗೆ ದೋಷ ಸಿಕ್ಕಿಬೀಳುವ ಸಂಭವ ಹೆಚ್ಚು. 2018ರ ಸೆಪ್ಟೆಂಬರ್ ತಿಂಗಳನ್ನೇ ತೆಗೆದುಕೋ. ಆಪಲ್‌ನ ಎ12 ಚಿಪ್ ತೈವಾನಿನ ಟಿಎಸ್ಎಂಸಿಯ ಹೊಸ 7 ನ್ಯಾನೊಮೀಟರ್ ಪ್ರೊಸೆಸ್‌ನಲ್ಲಿ ಬಂತು. ಅದರ ಡೈ ಸುಮಾರು 83 ಚದರ ಮಿಲಿಮೀಟರ್. ಅದೇ ತಿಂಗಳು ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 2080 ಟಿಐ, ಅದೇ ಟಿಎಸ್ಎಂಸಿಯ 12 ನ್ಯಾನೊಮೀಟರ್ ಪ್ರೊಸೆಸ್‌ನಲ್ಲಿ ತಯಾರಾಗಿತ್ತು. ಅದರ ಡೈ 754 ಚದರ ಮಿಲಿಮೀಟರ್. ಒಂದು ವೇಫರ್‌ನಲ್ಲಿ ಮೊದಲನೆಯದು ಏಳುನೂರಕ್ಕೂ ಹೆಚ್ಚು ಕೂರುತ್ತದೆ, ಎರಡನೆಯದು ಎಪ್ಪತ್ತರ ಆಸುಪಾಸು.

ಈಗ, ಹೊಸ ಪ್ರೊಸೆಸ್‌ನಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ ಸರಾಸರಿ 0.2 ದೋಷ ಇದೆ ಎಂದು ಇಟ್ಟುಕೋ. ಪಠ್ಯದಲ್ಲಿ ಓದಿದ ಸರಳ ಸೂತ್ರ ಹಾಕಿದರೆ ಚಿಕ್ಕ ಡೈಗಳಲ್ಲಿ ನೂರಕ್ಕೆ 85 ಚೆನ್ನಾಗಿ ಬರುತ್ತವೆ. ದೊಡ್ಡ ಡೈಗಳಲ್ಲಿ ನೂರಕ್ಕೆ 22 ಮಾತ್ರ. ಫ್ಯಾಬ್‌ನವರು ಒಂದೆರಡು ವರ್ಷ ದುಡಿದು ದೋಷವನ್ನು 0.05ಕ್ಕೆ ಇಳಿಸಿದರು ಎಂದುಕೋ. ಆಗ ಚಿಕ್ಕದು 85ರಿಂದ 96ಕ್ಕೆ ಏರುತ್ತದೆ, ದೊಡ್ಡದು 22ರಿಂದ 69ಕ್ಕೆ. ಕಾಯುವುದರಿಂದ ಫೋನಿನ ಚಿಪ್‌ನವರಿಗೆ ಸಿಗುವ ಲಾಭ ಅಲ್ಪ, ಗ್ರಾಫಿಕ್ಸ್ ಚಿಪ್‌ನವರಿಗೆ ಸಿಗುವುದು ಮೂರು ಪಟ್ಟು. ಕೆಟ್ಟ ಭಾಗವನ್ನು ಮುಚ್ಚಿ ಉಳಿದದ್ದನ್ನು ಮಾರುವ ಉಪಾಯವೂ ಉಂಟು. ಆರ್‌ಟಿಎಕ್ಸ್ 4090ರ ಡೈನಲ್ಲಿ 144 ಗಣಕ ಘಟಕಗಳಿವೆ, ತೆರೆದಿರುವುದು 128 ಮಾತ್ರ. ಆದರೂ ಆ ಉಪಾಯಕ್ಕೊಂದು ಮಿತಿಯಿದೆ. ಪ್ರೊಸೆಸ್ ಪಳಗಿರದಿದ್ದರೆ ಮುಚ್ಚಿ ಮುಚ್ಚಿ ಮಾರುವುದಕ್ಕೆ ಏನೂ ಉಳಿಯುವುದಿಲ್ಲ.

ಈ ಪಾಠವನ್ನು ಉದ್ಯಮ ಕಷ್ಟಪಟ್ಟೇ ಕಲಿತಿದೆ. 2002ರಲ್ಲಿ ಎನ್ವಿಡಿಯಾ ತನ್ನ ಜಿಫೋರ್ಸ್ ಎಫ್ಎಕ್ಸ್ 5800 ಅಲ್ಟ್ರಾ ಚಿಪ್ಪನ್ನು ಆಗಿನ ಹೊಸ 130 ನ್ಯಾನೊಮೀಟರ್‌ಗೆ ಕೊಂಡೊಯ್ದಿತು. ಪ್ರತಿಸ್ಪರ್ಧಿ ಎಟಿಐ ಹಳೆಯ 150 ನ್ಯಾನೊಮೀಟರ್‌ನಲ್ಲೇ ಸುಮಾರು 11 ಕೋಟಿ ಟ್ರಾನ್ಸಿಸ್ಟರ್‌ಗಳ ರೇಡಿಯಾನ್ 9700 ಪ್ರೊ ಕಟ್ಟಿ, ಆ ವರ್ಷದ ಆಗಸ್ಟ್‌ನಲ್ಲೇ ಅಂಗಡಿಗೆ ಇಳಿಸಿತು. ಎನ್ವಿಡಿಯಾದ ಚಿಪ್ 2003ರವರೆಗೆ ಎಳೆದಾಡಿತು. ಬಂದಾಗ ಅದು 500 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಕಾರ್ಡಿನ ಫ್ಯಾನಿನ ಸದ್ದಿಗೆ ಜನ ಬೇಸತ್ತರು. 325 ಮೆಗಾಹರ್ಟ್ಸ್‌ನ ರೇಡಿಯಾನ್ ಮಾರುಕಟ್ಟೆಯಲ್ಲಿ ಹೆಸರು ಮಾಡಿತು. ವಾಸ್ತುಶಿಲ್ಪ ಚೆನ್ನಾಗಿದ್ದರೆ ಹಳೆಯ ಪ್ರೊಸೆಸ್ಸೂ ಗೆಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗಾದರೆ ಹೊಸದಕ್ಕೆ ಹೋಗಲೇಬಾರದೇ? ಹೋಗಬೇಕು, ಹೋಗುವ ಕ್ರಮ ತಿಳಿದಿರಬೇಕು. ನಮ್ಮೂರಲ್ಲಿ ಹೊಸ ತಳಿಯ ಭತ್ತ ಬಂದರೆ ಅಜ್ಜ ಮೊದಲ ವರ್ಷ ಒಂದು ಮಡಿಯಲ್ಲಿ ಮಾತ್ರ ಹಾಕಿ ನೋಡುತ್ತಿದ್ದರು. ಇಡೀ ಗದ್ದೆಗೆ ಎರಚುತ್ತಿರಲಿಲ್ಲ. 40 ನ್ಯಾನೊಮೀಟರ್ ಬಂದಾಗ, ಆ ವೇಳೆಗೆ ಎಎಂಡಿಯ ಪಾಲಾಗಿದ್ದ ಎಟಿಐ ತಂಡ ಇದನ್ನೇ ಮಾಡಿತು. 2009ರ ಏಪ್ರಿಲ್‌ನಲ್ಲಿ ರೇಡಿಯಾನ್ ಎಚ್‌ಡಿ 4770 ಎಂಬ 137 ಚದರ ಮಿಲಿಮೀಟರ್‌ನ ಚಿಕ್ಕ ಚಿಪ್ಪಿನಲ್ಲಿ ಪ್ರೊಸೆಸ್‌ನ ತೊಡಕುಗಳನ್ನು ಕಂಡುಕೊಂಡಿತು. ಅಲ್ಲಿ ಕಲಿತದ್ದನ್ನು ಅದೇ ವರ್ಷದ ಸೆಪ್ಟೆಂಬರ್‌ನ ಎಚ್‌ಡಿ 5870ರಲ್ಲಿ ಬಳಸಿತು. ಎನ್ವಿಡಿಯಾದ 300 ಕೋಟಿ ಟ್ರಾನ್ಸಿಸ್ಟರ್‌ಗಳ ಜಿಟಿಎಕ್ಸ್ 480 ಬಂದದ್ದು ಆರು ತಿಂಗಳು ತಡವಾಗಿ, 2010ರ ಮಾರ್ಚ್‌ನಲ್ಲಿ, 512 ಕೋರ್‌ಗಳ ಪೈಕಿ 480ನ್ನು ಮಾತ್ರ ತೆರೆದುಕೊಂಡು. ಅದೇ ವರ್ಷದ ನವೆಂಬರ್‌ನಲ್ಲಿ ಅದೇ 40 ನ್ಯಾನೊಮೀಟರ್‌ನಲ್ಲಿ ಪೂರ್ತಿ 512 ಕೋರ್‌ಗಳ ಜಿಟಿಎಕ್ಸ್ 580 ಬಂತು. ಪ್ರೊಸೆಸ್ ಅದೇ, ಚಿಪ್ ತಿದ್ದಿದವರು ಅವರೇ. ನಡುವೆ ಎಂಟು ತಿಂಗಳ ತಿಳಿವಳಿಕೆ ಸೇರಿತ್ತು.

ಇನ್ನೊಂದು ಪ್ರಸಂಗವನ್ನು ನೀನು ಚೆನ್ನಾಗಿ ಅಭ್ಯಾಸ ಮಾಡಬೇಕು. 2012ರಿಂದ 2016ರವರೆಗೆ ಗ್ರಾಫಿಕ್ಸ್ ಚಿಪ್‌ಗಳು 28 ನ್ಯಾನೊಮೀಟರ್‌ನಲ್ಲೇ ನಿಂತವು. ಟಿಎಸ್ಎಂಸಿಯಲ್ಲಿ 20 ನ್ಯಾನೊಮೀಟರ್ ಸಿದ್ಧವಿತ್ತು, 2014ರ ಐಫೋನ್ 6 ಅದನ್ನು ಬಳಸಿಯೂ ಇತ್ತು. ಆದರೆ ಅದರ ಟ್ರಾನ್ಸಿಸ್ಟರ್ ಹಳೆಯ ಚಪ್ಪಟೆ ಬಗೆಯದು. ಅಷ್ಟು ಚಿಕ್ಕದಾದ ಮೇಲೆ ಆಫ್ ಮಾಡಿದರೂ ವಿದ್ಯುತ್ ಸೋರುತ್ತಿತ್ತು, ವೆಚ್ಚ ಏರಿದಷ್ಟು ಲಾಭ ಏರಲಿಲ್ಲ. ಇನ್ನೂರೈವತ್ತು ವಾಟ್ ತಿನ್ನುವ ಚಿಪ್‌ಗೆ ಸೋರಿಕೆ ಎಂದರೆ ಬಿಸಿ. ಎಎಂಡಿ ತನ್ನ 20 ನ್ಯಾನೊಮೀಟರ್ ವಿನ್ಯಾಸಗಳನ್ನು ಕೈಬಿಟ್ಟು 2015ರಲ್ಲಿ ಸುಮಾರು 3.3 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಂಡಿತು. ಎಎಂಡಿ, ಎನ್ವಿಡಿಯಾ ಎರಡೂ ದೊಡ್ಡ ಚಿಪ್‌ಗಳಿಗೆ ಆ ಮೆಟ್ಟಿಲನ್ನೇ ದಾಟಿ, ರೆಕ್ಕೆಯಂತೆ ಎದ್ದು ನಿಂತ ಫಿನ್‌ಫೆಟ್ ಟ್ರಾನ್ಸಿಸ್ಟರ್‌ಗಳ 16 ಮತ್ತು 14 ನ್ಯಾನೊಮೀಟರ್‌ಗೆ 2016ರಲ್ಲಿ ಹೋದವು.

ಕಾದ ಆ ವರ್ಷಗಳಲ್ಲಿ ಎನ್ವಿಡಿಯಾದ ಎಂಜಿನಿಯರುಗಳು ಸುಮ್ಮನೆ ಕೂರಲಿಲ್ಲ. ಮ್ಯಾಕ್ಸ್‌ವೆಲ್ ಎಂಬ ಹೊಸ ವಾಸ್ತುಶಿಲ್ಪ ತಂದರು. ಕೋರ್‌ಗಳ ಗುಂಪನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಪ್ರತಿಯೊಂದಕ್ಕೂ ಸ್ವಂತ ಮೇಲ್ವಿಚಾರಣೆ ಕೊಟ್ಟರು. ಕ್ಯಾಷ್ ಹಿಗ್ಗಿಸಿ, ಹೊರಗಿನ ಮೆಮೊರಿಗೆ ಓಡುವ ಓಟ ಕಡಿಮೆ ಮಾಡಿದರು. ಫಲ ನೋಡು: 2013ರ ಜಿಟಿಎಕ್ಸ್ 780 ಟಿಐಯಲ್ಲಿ 2880 ಕೋರ್, 250 ವಾಟ್. 2014ರ ಜಿಟಿಎಕ್ಸ್ 980ರಲ್ಲಿ 2048 ಕೋರ್, 165 ವಾಟ್. ಎರಡೂ 28 ನ್ಯಾನೊಮೀಟರ್. ಎರಡನೆಯದೇ ಒಂದು ಕೈ ಮೇಲು. ಈ ಗೆಲುವು ಫ್ಯಾಬ್ ಕೊಟ್ಟದ್ದಲ್ಲ, ನೀನು ಈಗ ಕೂರಲಿರುವಂಥ ಮೇಜಿನ ಮುಂದೆ ಕೂತವರು ದುಡಿದು ತಂದದ್ದು. ಪ್ರೊಸೆಸ್ ಬದಲಾಗದಿದ್ದಾಗಲೇ ವಿನ್ಯಾಸಕಾರರ ಕೈಚಳಕ ಕಾಣುವುದು.

ಇತ್ತೀಚಿನ ಕಾರಣ ಇನ್ನೊಂದಿದೆ. ಚಿಪ್ಪಿನೊಳಗಿನ ಎಲ್ಲವೂ ಸಮನಾಗಿ ಕಿರಿದಾಗುತ್ತಿಲ್ಲ. ಲಾಜಿಕ್ ಕಿರಿದಾಗುತ್ತದೆ. ಕ್ಯಾಷ್‌ಗೆ ಬೇಕಾದ ಎಸ್‌ರ್‍ಯಾಮ್ ಬಹುಮಟ್ಟಿಗೆ ನಿಂತುಬಿಟ್ಟಿದೆ: ಟಿಎಸ್ಎಂಸಿಯ 5 ನ್ಯಾನೊಮೀಟರ್‌ನಲ್ಲಿ ಅದರ ಒಂದು ಕೋಶ 0.021 ಚದರ ಮೈಕ್ರೊಮೀಟರ್, ಎನ್3ಇ ಎಂಬ 3 ನ್ಯಾನೊಮೀಟರ್ ಪ್ರೊಸೆಸ್‌ನಲ್ಲೂ ಅಷ್ಟೇ. ಮೆಮೊರಿಯ ಜೊತೆ ಮಾತಾಡುವ ಅನಲಾಗ್ ಭಾಗಗಳೂ ಕಿರಿದಾಗಲು ಒಪ್ಪುವುದಿಲ್ಲ. ಗ್ರಾಫಿಕ್ಸ್ ಚಿಪ್ಪಿನಲ್ಲಿ ಇವೆರಡೂ ಧಾರಾಳ. ಕಿರಿದಾಗದ ಭಾಗಕ್ಕೆ ದುಬಾರಿ ವೇಫರ್ ಯಾಕೆ ಸುರಿಯಬೇಕು ಎಂದು ಎಎಂಡಿ ಯೋಚಿಸಿತು. 2022ರ ಡಿಸೆಂಬರ್‌ನಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡುವ ಸುಮಾರು 300 ಚದರ ಮಿಲಿಮೀಟರ್ ಡೈ 5 ನ್ಯಾನೊಮೀಟರ್‌ನದು. ಸುತ್ತಲಿನ ಆರು ಚಿಕ್ಕ ಡೈಗಳು, ಕ್ಯಾಷ್ ಮತ್ತು ಮೆಮೊರಿ ಸಂಪರ್ಕದವು, 6 ನ್ಯಾನೊಮೀಟರ್‌ನವು. ಒಂದೇ ಚಿಪ್ಪಿನಲ್ಲಿ ಹೊಸದಕ್ಕೂ ಹಳೆಯದಕ್ಕೂ ತಕ್ಕ ಜಾಗ ಸಿಕ್ಕಿತು.

ದುಡ್ಡು, ಸರದಿಗಳ ಮಾತು ಚಿಕ್ಕದು. ಹೊಸ ಪ್ರೊಸೆಸ್‌ನ ಮೊದಲ ವೇಫರ್‌ಗಳು ತೀರಾ ದುಬಾರಿ, ಸಿಗುವುದೂ ಕಡಿಮೆ. ಫೋನಿನವರು ಮೊದಲೇ ದೊಡ್ಡ ಪ್ರಮಾಣದಲ್ಲಿ ಕಾದಿರಿಸಿರುತ್ತಾರೆ. 2020ರಲ್ಲಿ ಎನ್ವಿಡಿಯಾ ದತ್ತಾಂಶ ಕೇಂದ್ರಗಳಿಗೆ ಹೋಗುವ ಎ100 ಚಿಪ್ಪನ್ನು ಟಿಎಸ್ಎಂಸಿಯ 7 ನ್ಯಾನೊಮೀಟರ್‌ನಲ್ಲಿ ಮಾಡಿಸಿತು. ಆಟಗಾರರಿಗೆ 699 ಡಾಲರಿಗೆ ಮಾರಬೇಕಿದ್ದ ಆರ್‌ಟಿಎಕ್ಸ್ 3080ಯನ್ನು ಸ್ಯಾಮ್ಸಂಗ್‌ನ 8 ನ್ಯಾನೊಮೀಟರ್‌ಗೆ ಕಳಿಸಿತು. ಒಂದೇ ಪೀಳಿಗೆ, ಎರಡು ಗಿರಾಕಿ, ಎರಡು ಫ್ಯಾಬ್.

ಕಾಯುವುದೇ ಧರ್ಮ ಎಂದೂ ತಿಳಿಯಬೇಡ. ಎರಡು ವರ್ಷದ ಮೇಲೆ ಅದೇ ಎನ್ವಿಡಿಯಾ ಪಳಗಿದ 5 ನ್ಯಾನೊಮೀಟರ್ ಕುಟುಂಬಕ್ಕೆ ಜಿಗಿಯಿತು. 2020ರ ಆರ್‌ಟಿಎಕ್ಸ್ 3080ರ ಚಿಪ್ಪಿನಲ್ಲಿ 628 ಚದರ ಮಿಲಿಮೀಟರ್‌ಗೆ 2,830 ಕೋಟಿ ಟ್ರಾನ್ಸಿಸ್ಟರ್ ಇದ್ದವು. 2022ರ ಆರ್‌ಟಿಎಕ್ಸ್ 4090ರಲ್ಲಿ 608 ಚದರ ಮಿಲಿಮೀಟರ್‌ಗೆ 7,630 ಕೋಟಿ. ಹೊತ್ತು ಕೂಡಿಬಂದಾಗ ಹೊಸದು ಕೊಡುವುದನ್ನು ಯಾವ ಜಾಣ್ಮೆಯೂ ಕೊಡಲಾರದು. ಆ ಹೊತ್ತನ್ನು ಗುರುತಿಸುವುದೇ ವಿದ್ಯೆ.

ಆದ್ದರಿಂದ ಸಭೆಯಲ್ಲಿ ಯಾರಾದರೂ ಹೊಸ ಪ್ರೊಸೆಸ್ ಎಂದ ಕೂಡಲೇ ತಲೆಯಾಡಿಸಬೇಡ. ನಮ್ಮ ಡೈ ಎಷ್ಟು ದೊಡ್ಡದು? ಈಗಿನ ದೋಷದ ಪ್ರಮಾಣ ಎಷ್ಟು, ಆರು ತಿಂಗಳಿಗೆ ಎಷ್ಟಾಗುತ್ತದೆ? ನಮ್ಮ ಚಿಪ್ಪಿನಲ್ಲಿ ನಿಜವಾಗಿ ಕಿರಿದಾಗುವ ಭಾಗ ಎಷ್ಟು? ಗಿರಾಕಿ ಎಷ್ಟು ಬೆಲೆ ಕೊಡುತ್ತಾನೆ? ಈ ನಾಲ್ಕನ್ನು ಕೇಳು. ಹೊಸಬಳು ಕೇಳಬಾರದು ಎಂದು ಸಂಕೋಚಪಡಬೇಡ, ಉತ್ತರ ಗೊತ್ತಿರುವವರು ಗೌರವಿಸಿಯೇ ಹೇಳುತ್ತಾರೆ. ಗುಜರಾತಿನ ಧೊಲೇರಾದಲ್ಲಿ 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ಹಿಂದಿನ ಪ್ರೊಸೆಸ್‌ಗಳ ಫ್ಯಾಬ್‌ಗೆ 2024ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿದ್ದಾಗ, ಹಳೆಯದು ಎಂದು ಮೂಗು ಮುರಿದವರು ನಿನ್ನ ಓರಗೆಯವರಲ್ಲೂ ಇದ್ದಾರೆ. ಆ ಸಾಲಿಗೆ ನೀನು ಸೇರಬೇಡ. ಜಗತ್ತಿನ ಉತ್ತಮ ಗ್ರಾಫಿಕ್ಸ್ ಚಿಪ್‌ಗಳು 28 ನ್ಯಾನೊಮೀಟರ್‌ನಲ್ಲಿ ನಾಲ್ಕು ವರ್ಷ ಬಾಳಿ ಬೆಳೆದವು.

ನೂರಕ್ಕೆ ಎಷ್ಟು ಚಿಪ್ ಚೆನ್ನಾಗಿ ಬಂದವು ಎಂಬ ಯೀಲ್ಡ್ ನೋಡುವವರ, ಟೆಸ್ಟಿಂಗ್ ಮಾಡುವವರ ಪಕ್ಕ ಹೋಗಿ ಕೂತು ಕಲಿ. ಕೈಯಲ್ಲಿರುವ ಪ್ರೊಸೆಸ್‌ನಿಂದ ಕೊನೆಯ ಹನಿಯವರೆಗೂ ಕೆಲಸ ತೆಗೆಯುವುದನ್ನು ಮೊದಲು ಸಾಧಿಸು. ಅದು ಬಂದವಳಿಗೆ ಹೊಸ ಪ್ರೊಸೆಸ್ ಕೊಟ್ಟರೂ ದಕ್ಕುತ್ತದೆ, ಬಾರದವಳಿಗೆ ಯಾವ ನ್ಯಾನೊಮೀಟರ್ ಕೊಟ್ಟರೂ ದಕ್ಕದು.