ಸೂತ್ರಕ್ಕಿಂತ ಮೊದಲು ಕವಡೆ ಬೀಳಲಿ

ತಂಗೆವ್ವ, ಬಿ.ಎಡ್. ಅಭ್ಯಾಸ ಪಾಠಕ್ಕೆ ಗಾಣಗಾಪುರಕ್ಕೆ ಬರುತ್ತಿದ್ದೀಯಂತೆ. ಹತ್ತನೆಯ ತರಗತಿಯ ಸಂಭವನೀಯತೆ ನಿನ್ನ ಪಾಲಿಗೆ ಬಂದಿದೆಯಂತೆ. "ಸಣ್ಣ ಪಾಠ, ಒಂದೇ ಸೂತ್ರ, ಲಗೂನ ಮುಗಸ್ತೀನ್ರಿ" ಅಂದೆ. ನಿನ್ನ ಜೊತೆಯವರು, ಇದು ಇಸ್ಪೀಟಿನ ಲೆಕ್ಕ, ಕಲಿಸಲು ಮುಜುಗರ ಅನ್ನುತ್ತಾರೆ. ಎರಡೂ ಮಾತಿನ ಹಿಂದೆ ಅಂಜಿಕೆಯೇ ಇದೆ ಅನಿಸುತ್ತದೆ ನನಗೆ. ಉಳಿದ ಗಣಿತದಲ್ಲಿ ಉತ್ತರ ಬಂದರೆ ಮುಗಿಯಿತು. ಇಲ್ಲಿ ಉತ್ತರ ಸರಿ ಬಂದ ಮೇಲೂ ಮುಂದಿನ ಎಸೆತ ಏನಾಗುತ್ತದೋ ಹೇಳಲಾಗದು. ಆ ಅಂಜಿಕೆ ಮೇಷ್ಟರಿಂದ ಮಕ್ಕಳಿಗೆ ಬೇಗ ದಾಟುತ್ತದೆ.

ಇಸ್ಪೀಟು ಬೇಡವಾದರೆ ಬಿಡು, ಚೌಕಾಬಾರದ ನಾಲ್ಕು ಕವಡೆ ಒಯ್ಯಿ. ಎಷ್ಟು ಕವಡೆ ಅಂಗಾತ ಬೀಳುವುದು ಹೆಚ್ಚು ಎಂದು ಕೇಳಿ, ಅವರ ಊಹೆಯನ್ನು ಮೊದಲು ಬೋರ್ಡಿನ ಮೇಲೆ ಬರೆಸು. ಆಮೇಲೆ ಜೋಡಿ ಜೋಡಿಯಾಗಿ ಕೂತು ಐವತ್ತು ಸಲ ಎಸೆಯಲಿ, ಗೆರೆ ಎಳೆದು ಎಣಿಸಲಿ. ಎರಡೂ ಮಗ್ಗುಲು ಸಮವೆಂದುಕೊಂಡರೆ 16 ಬಗೆಗಳಲ್ಲಿ ಎರಡು ಕವಡೆ ಅಂಗಾತ ಬೀಳುವುದು 6, ನಾಲ್ಕೂ ಅಂಗಾತ ಬೀಳುವುದು 1. ಆ 6 ಎಲ್ಲಿಂದ ಬಂತೆಂದು ಕೇಳಿದರೆ ನಮ್ಮ ಜಿಲ್ಲೆಯ ಮಳಖೇಡದ ಹೆಸರು ಹೇಳು. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ'ದಲ್ಲಿ ಇಂಥ ಆಯ್ಕೆಗಳನ್ನು ಎಣಿಸುವ ಸೂತ್ರ ಕೊಟ್ಟಿದ್ದಾನೆ.

ಮಕ್ಕಳ ಎಣಿಕೆ ಈ ಲೆಕ್ಕಕ್ಕೆ ಹೊಂದದೆ ಹೋಗಬಹುದು. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಸಪಾಟು; ಎರಡು ಮಗ್ಗುಲು ಸಮವಲ್ಲ. ಹೊಂದಲಿಲ್ಲವೆಂದು ಗಾಬರಿಯಾಗಿ ಪುಸ್ತಕ ತೆರೆಯಬೇಡ, ಪಾಠ ಶುರುವಾಗುವುದೇ ಅಲ್ಲಿ. ನಾಲ್ಕು ನಾಣ್ಯ ಕೊಟ್ಟು ಮತ್ತೆ ಎಸೆಸು, ಎರಡು ಪಟ್ಟಿ ಪಕ್ಕಪಕ್ಕ ಇಡಿಸು.

ಎರಡು ನಾಣ್ಯ ಎಸೆದರೆ ಮೂರೇ ಫಲಿತ, ಹಾಗಾಗಿ ಒಂದೊಂದಕ್ಕೂ 1/3 ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೈಯಬೇಡ. ಫ್ರಾನ್ಸಿನ ಗಣಿತಜ್ಞ ಡಾಲಂಬೇರ್ 1754ರಲ್ಲಿ, ಎರಡು ಎಸೆತದಲ್ಲಿ ಒಮ್ಮೆಯಾದರೂ ಶಿರ ಬೀಳುವ ಸಂಭವ 2/3 ಎಂದು ವಿಶ್ವಕೋಶದಲ್ಲೇ ವಾದಿಸಿದ್ದ, ಸರಿಯಾದದ್ದು 3/4. ಅವನೂ ಸಮವಲ್ಲದವನ್ನು ಸಮವೆಂದು ಎಣಿಸಿದ್ದ. ಒಂದು ರೂಪಾಯಿಯದೊಂದು, ಎರಡು ರೂಪಾಯಿಯದೊಂದು ನಾಣ್ಯ ಕೊಡು, ನಾಲ್ಕು ಫಲಿತ ಕಣ್ಣಿಗೇ ಕಾಣುತ್ತವೆ.

ಗಾಣಗಾಪುರ ದತ್ತ ಮಹಾರಾಜರ ಊರು. "ಎಲ್ಲಾ ದೇವರ ಇಚ್ಛಾ ಅಲ್ಲೇನ್ರಿ ಟೀಚರ್?" ಎಂದು ಒಬ್ಬ ಕೇಳಿದರೆ ಅವನ ನಂಬಿಕೆಗೆ ಕೈ ಹಾಕಬೇಡ. ಮುಂದಿನ ಒಂದು ಎಸೆತದ ಭವಿಷ್ಯ ನಾವು ಹೇಳುತ್ತಿಲ್ಲ, ಸಾವಿರ ಎಸೆತದ ನಡವಳಿಕೆ ಹೇಳುತ್ತಿದ್ದೇವೆ ಎಂದು ತಿಳಿಸು. ಅದಕ್ಕೆ ಭೀಮಾ ನದಿಯ ಮಾತು ತೆಗೆ. ಮೇಲೆ ಉಜನಿ ಜಲಾಶಯದಿಂದ ನೀರು ಬಿಟ್ಟರೆ "ಪ್ರವಾಹದ ಸಾಧ್ಯತೆ" ಎಂಬ ಸುದ್ದಿ ಈ ಮಕ್ಕಳು ಕೇಳಿಯೇ ಬೆಳೆದಿದ್ದಾರೆ. ಹಾಗೆ ಹೇಳಿದ ಮೇಲೂ ಹೊಳೆ ಏರದಿದ್ದರೆ ಹೇಳಿದವರದು ಸುಳ್ಳೇ ಎಂದು ಕೇಳು. ಆ ವಾದಕ್ಕೆ ಒಂದು ಇಡೀ ಪೀರಿಯಡ್ ಬಿಡು. ಸೂತ್ರವನ್ನು ಮರುದಿನ ಬರೆಸಿದರಾಯಿತು.